ಉಪ್ಪು ನೀರಿಗೆ ತಡೆಯುವ ಎಡಗೈ

ಗಾಳ ಮಾರುವ ಅಂಗಡಿಯಲ್ಲಿ ಹೆಂಗಸು ಕೂತಿದ್ದರೆ, ಬಂದವರು ಮೊದಲು ಅವಳ ತಲೆಯ ಮೇಲಿಂದ ಒಳಗೆ ಇಣುಕುತ್ತಾರೆ. "ಅಂಗಡಿಯವರು ಇಲ್ವಾ ಅಮ್ಮಾ?" ಅನ್ನುತ್ತಾರೆ. "ಇದ್ದಾರಲ್ಲ, ನಿಮ್ಮ ಮುಂದೇನೇ" ಎಂದು ನಾನು ಹೇಳುತ್ತಿದ್ದೆ. ಶಿವಾಜಿನಗರದ ಆ ಅಂಗಡಿಯಲ್ಲಿ ಇದ್ದಷ್ಟು ಕಾಲವೂ ಇದನ್ನೇ ಹೇಳಿದೆ. ಬೇಸರವಾಗುವುದಿರಲಿ, ಆಮೇಲಾಮೇಲೆ ಆ ಪೆಚ್ಚು ಮುಖಗಳನ್ನು ನೋಡುವುದೇ ಒಂದು ಖುಷಿಯಾಗಿಬಿಟ್ಟಿತ್ತು.

ಹೋದ ವರ್ಷ ಕೆಲಸ ಬಿಟ್ಟೆ. ಈಗ ನನ್ನ ಜಾಗದಲ್ಲಿ ಶಾಹೀನ್ ಎಂಬ ಹುಡುಗಿ ನಿಲ್ಲುತ್ತಾಳೆ. ಮೊನ್ನೆ ಕೆ.ಆರ್. ಪುರದ ನಮ್ಮ ಮನೆಗೆ ಬಂದಿದ್ದಳು. "ಆಂಟೀ, ಸಮುದ್ರಕ್ಕೆ ಯಾವ ರಾಡ್ ಹೋಲ್ಡರ್ ತಡಿಯತ್ತೆ ಅಂತ ಕೇಳ್ತಾರೆ, ಏನ್ ಹೇಳ್ಲಿ?" ಎಂದಳು. ಎರಡು ಮಾತಿನಲ್ಲಿ ಹೇಳಿ ಕಳಿಸಬಹುದಿತ್ತು. ಆದರೆ ಎರಡು ಮಾತಿನಲ್ಲಿ ಹೇಳಿದ್ದು ಎರಡು ದಿನದಲ್ಲಿ ಮರೆತುಹೋಗುತ್ತದೆ. ಅದಕ್ಕೇ ಬರೆಯಲು ಕೂತಿದ್ದೇನೆ. ಈ ಕಸುಬಿಗೆ ಹೊಸದಾಗಿ ಬರುವ ಬೇರೆ ಯಾರಾದರೂ ಓದಿದರೂ ಸಂತೋಷವೇ.

ನಮ್ಮದು ದಾವಣಗೆರೆ ಕಡೆ. ಯಜಮಾನರಿಗೆ ವಿಮಾನಪುರದ ಕಾರ್ಖಾನೆಯಲ್ಲಿ ಕೆಲಸವಾದ್ದರಿಂದ ಬೆಂಗಳೂರಿಗೆ ಬಂದೆವು. ನನ್ನ ಕೆಲಸ ಶಿವಾಜಿನಗರದ ಬಾಬಾಜಾನ್ ಸಾಹೇಬರ ಅಂಗಡಿಯಲ್ಲಿ. ಮೀನು ಮಾರ್ಕೆಟ್ಟಿನ ಹಿಂದಿನ ಗಲ್ಲಿ. ಮುಂದೆ ಹಗ್ಗ, ಬಲೆ, ತಕ್ಕಡಿ. ಒಳಗೆ ಗಾಳ, ದಾರ, ಗಾಳದ ಕೋಲು. ಬೆಳಗ್ಗೆ ನಾನು ಬಸ್ಸಿಳಿದು ಬರುವಾಗ ಲಾರಿಯಿಂದ ಮೀನಿನ ಪೆಟ್ಟಿಗೆಗಳನ್ನು ಇಳಿಸುತ್ತಿರುತ್ತಿದ್ದರು. ಐಸು ಕರಗಿ ರಸ್ತೆಯುದ್ದಕ್ಕೂ ಹರಿಯುತ್ತಿತ್ತು. ಸೀರೆ ಎತ್ತಿ ಹಿಡಿದು ಅದನ್ನು ದಾಟುತ್ತಿದ್ದೆ. ನನ್ನ ಪಾಲಿಗೆ ಆಗ ಸಮುದ್ರ ಅಂದರೆ ಅಷ್ಟೇ. ನಾನು ಆಗಿನ್ನೂ ಸಮುದ್ರವನ್ನು ಕಂಡೇ ಇರಲಿಲ್ಲ.

ಆದರೂ ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಸಾಹೇಬರು ನಮಾಜಿಗೆ ಹೋದಾಗ, ಗೋಡೆಗೆ ಒರಗಿಸಿದ ಕೋಲುಗಳು ಫ್ಯಾನಿನ ಗಾಳಿಗೆ ತುದಿ ಅಲ್ಲಾಡಿಸುತ್ತಿದ್ದವು. ಎಲ್ಲೋ ಮೀನು ಕಚ್ಚಿದೆಯೇನೋ ಅನ್ನಿಸುತ್ತಿತ್ತು. ಕಣ್ಣು ಅರೆಮುಚ್ಚಿ ಕೂತರೆ ಗಲ್ಲಿಯ ಸದ್ದೆಲ್ಲ ದೂರವಾಗಿ, ಅಂಗಡಿಯೇ ಮೆಲ್ಲಗೆ ತೇಲುತ್ತಿದೆ ಎಂದು ತೋರುತ್ತಿತ್ತು. ಸಾಹೇಬರು ವಾಪಸು ಬಂದು, "ಏನು ಕಸ್ತೂರಮ್ಮ, ದೋಣಿ ಎಲ್ಲಿಗೆ ಬಂತು?" ಎಂದು ಕೇಳಿ ನಗುತ್ತಿದ್ದರು.

ಸಾಹೇಬರ ಬಗ್ಗೆ ಹೇಳಬೇಕು. ಒಳ್ಳೆಯ ಮನುಷ್ಯ, ಆದರೆ ತಾನು ಹೇಳಿದ್ದೇ ಸರಿ. ಜೇಬಿನಲ್ಲಿ ಸದಾ ದಾರ ಕಟ್ಟಿದ ಒಂದು ಅಯಸ್ಕಾಂತ. ಯಾವ ಲೋಹ ಕಂಡರೂ ಅದನ್ನು ಇಳಿಬಿಟ್ಟು ನೋಡುವುದು. ಅಂಟಿದರೆ "ಕಬ್ಬಿಣ, ತಗೊಂಡೋಗು", ಅಂಟದಿದ್ದರೆ "ಅಸಲಿ ಸ್ಟೀಲು". ನನ್ನ ಊಟದ ಡಬ್ಬಿಗೂ ಮೊದಲ ದಿನವೇ ಆ ಪರೀಕ್ಷೆ ಆಗಿತ್ತು. ಪುಣ್ಯಕ್ಕೆ ಪಾಸಾಯಿತು.

ಆಗೆಲ್ಲ ರಾಡ್ ಹೋಲ್ಡರ್ ಅಂದರೆ ಏನೂ ದೊಡ್ಡ ವಿಷಯವಲ್ಲ. ಗಾಳದ ಕೋಲನ್ನು ಕೈಯಲ್ಲಿ ಹಿಡಿದೇ ಕೂರುವ ಬದಲು ಸಿಕ್ಕಿಸಿಡಲು ಒಂದು ಆಸರೆ. ಕೆರೆಗೆ ಹೋಗುವವರು, ಕಾವೇರಿ ದಂಡೆಗೆ ಹೋಗುವವರು ನಮ್ಮ ಗಿರಾಕಿಗಳು. ಪಕ್ಕದ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಸರಳನ್ನು ಬಾಗಿಸಿ, ಕೆಳಗೆ ಚೂಪು ಮಾಡಿ ಕೊಡುತ್ತಿದ್ದರು. ದಂಡೆಯ ಮಣ್ಣಿಗೆ ಚುಚ್ಚಿದರೆ ಮುಗಿಯಿತು.

ಮಾರುವವರು ಮೊದಲು ಕೇಳಬೇಕಾದ ಪ್ರಶ್ನೆಯನ್ನು ನನಗೆ ಕಲಿಸಿದವರು ರಿಚರ್ಡ್ಸ್ ಟೌನಿನ ಒಬ್ಬ ಹಿರಿಯರು. ಇಸ್ತ್ರಿ ಮಾಡಿದ ಕೋಟು, ತಲೆಗೆ ಹ್ಯಾಟು. "ನಿಮ್ಮಲ್ಲಿರೋದ್ರಲ್ಲೇ ಗಟ್ಟಿಯಾದ ಹೋಲ್ಡರ್ ತೋರಿಸಿ" ಎಂದರು. ನಾನು ಇದ್ದಬದ್ದದ್ದನ್ನೆಲ್ಲ ಇಳಿಸಿ, ಮೀನು ಎಳೆದಾಗ ಕೋಲು ಹೇಗೆ ಬಾಗುತ್ತದೆ, ಭಾರ ಎಲ್ಲಿ ಬೀಳುತ್ತದೆ ಎಂದು ಭಾಷಣವನ್ನೇ ಬಿಗಿದೆ. ಅವರು ತಾಳ್ಮೆಯಿಂದ ಕೇಳಿದರು. ಕೊನೆಗೆ, "ಇದನ್ನ ಬೆತ್ತದ ಕುರ್ಚಿಗೆ ಕಟ್ಟಬಹುದಾ?" ಎಂದರು. ವರಾಂಡದಲ್ಲಿ ಕೂತಾಗ ಅವರ ಊರುಗೋಲು ಪದೇ ಪದೇ ಜಾರಿ ಬೀಳುತ್ತಿತ್ತಂತೆ. ಅಂದಿನಿಂದ ನಾನು ಬಾಯಿ ಬಿಡುವ ಮೊದಲು ಕೇಳುವುದು ಒಂದೇ: "ಎಲ್ಲಿ ಹಾಕ್ತೀರಿ?"

ಸೆಲ್ವರಾಜ್ ಅವರು ಮೊದಲ ಸಲ ಬಂದಾಗಲೂ ಅದನ್ನೇ ಕೇಳಿದೆ. ತೊಂಬತ್ತರ ದಶಕದ ನಡುವಿನ ಮಾತು. ಹಲಸೂರಿನವರು, ದರ್ಜಿ. ಕೊರಳಲ್ಲಿ ಅಳತೆಯ ಟೇಪು ಇನ್ನೂ ನೇತಾಡುತ್ತಿತ್ತು. ಎಡಗೈ ಮಾತ್ರ ಪ್ಯಾಂಟಿನ ಜೇಬಿನಲ್ಲಿ. ಅದನ್ನು ಅಲ್ಲಿ ಇಟ್ಟದ್ದಲ್ಲ, ಅಲ್ಲಿ ಕೂರಿಸಿದ್ದು ಎಂದು ಆಮೇಲೆ ಗೊತ್ತಾಯಿತು. ಲಕ್ವ ಹೊಡೆದಿತ್ತು.

"ಅಮ್ಮಾ, ನಂಗೆ ಒಂದು ಎಡಗೈ ಬೇಕು" ಎಂದರು.

ನಾನು ಕಕ್ಕಾಬಿಕ್ಕಿ. ಅವರು ನಕ್ಕು ವಿವರಿಸಿದರು. "ಕತ್ತರಿ ಹಿಡಿಯೋ ಕೈ ಇದೆ, ಬಟ್ಟೆ ಹಿಡಿಯೋ ಕೈ ಹೋಯ್ತು. ಹೊಲಿಗೆ ನಿಂತೋಯ್ತು. ಆದ್ರೆ ಮೀನು ಹಿಡಿಯೋದು ಬಿಡೋಕಾಗಲ್ಲ. ಈ ಕೈ ರೀಲು ಸುತ್ತತ್ತೆ. ಕೋಲು ಹಿಡ್ಕೊಳೋಕೆ ಏನಾದ್ರೂ ಬೇಕಲ್ವಾ?"

"ಎಲ್ಲಿ ಹಾಕ್ತೀರಿ?"

"ದೋಣಿಗೆ. ನನ್ನ ತಂಗಿ ಗಂಡನ ದೋಣಿ. ತಮಿಳುನಾಡಲ್ಲಿ, ಕಾವೇರಿ ಹೋಗಿ ಸೇರತ್ತಲ್ಲ, ಅಲ್ಲೇ ಹತ್ರ. ವರ್ಷಕ್ಕೆ ಎರಡು ಸಲ ಹೋಗ್ತೀನಿ. ಉಪ್ಪು ನೀರಿಗೆ ತಡೀಬೇಕಮ್ಮಾ, ಅದೇ ಮುಖ್ಯ."

ಒಳಗಿನಿಂದ ಸಾಹೇಬರು ಎದ್ದು ಬಂದರು. "ಉಪ್ಪು ನೀರಾ? ಅರೇ, ಅದಕ್ಕೇನು! ನಾನು ಟೆಸ್ಟ್ ಮಾಡೇ ಕೊಡ್ತೀನಿ. ಉಪ್ಪು ನೀರಲ್ಲಿ ಮುಳುಗಿಸಿ ಇಟ್ಟು ನೋಡಿ, ಆಮೇಲೆ ಕೊಡ್ತೀನಿ. ಬಿಲ್ಕುಲ್ ಗ್ಯಾರಂಟಿ."

ಈಗ ಇದನ್ನು ಓದುವ ಬೆಂಗಳೂರಿನವರಿಗೆ ನಗು ಬರಬಹುದು, ಬೇರೆ ಊರಿನವರಿಗೆ ಹೇಳಬೇಕಾಗುತ್ತದೆ. ನಮ್ಮ ಊರಿನಲ್ಲಿ ನೀರಿಗೆ ಎರಡೇ ಜಾತಿ. ನಲ್ಲಿಯಲ್ಲಿ ಬರುವ ಕಾವೇರಿ ಸಿಹಿ ನೀರು, ಕುಡಿಯಲು, ಅಡುಗೆಗೆ. ಬೋರ್‌ವೆಲ್ಲಿನದು ಉಪ್ಪು ನೀರು. ಬಟ್ಟೆಗೆ, ಪಾತ್ರೆಗೆ, ಬಚ್ಚಲಿಗೆ. ಬಾಡಿಗೆ ಮನೆ ನೋಡಲು ಹೋದರೆ ಮೊದಲು ಕೇಳುವುದೇ "ಸಿಹಿ ನೀರಾ, ಉಪ್ಪು ನೀರಾ?" ಎಂದು. ಅಂಗಡಿಯ ಹಿಂದೆಯೇ ಇದ್ದ ಸಾಹೇಬರ ಮನೆಯ ಹಿತ್ತಲಲ್ಲಿ ಅಂಥ ಉಪ್ಪು ನೀರಿನ ತೊಟ್ಟಿ ಇತ್ತು. ಹೊಳೆಯುವ ಒಂದು ಸ್ಟೀಲ್ ಕೊಳವೆಯ ಹೋಲ್ಡರನ್ನು ಅಯಸ್ಕಾಂತ ಮುಟ್ಟಿಸಿ, ಪಾಸು ಮಾಡಿ, ಆ ತೊಟ್ಟಿಗೆ ಇಳಿಬಿಟ್ಟರು. ಎರಡು ತಿಂಗಳಾದ ಮೇಲೆ ತೆಗೆದರೆ ಹೊಸ ಮದುಮಗನ ಹಾಗಿತ್ತು. ನಾನೂ ಹೌದೆಂದು ತಲೆಯಾಡಿಸಿದೆ. ಉಪ್ಪು ನೀರು ಅಂದರೆ ಉಪ್ಪು ನೀರೇ ತಾನೆ?

ಇತ್ತ ಸೆಲ್ವರಾಜ್ ಸಾಹೇಬರ ಮಾತು ಕೇಳಿ, ಒಳಗೆಲ್ಲೋ ಉಪ್ಪು ಕದಡಿದ ದೊಡ್ಡ ಪೀಪಾಯಿ ಇದೆ ಅಂದುಕೊಂಡಿದ್ದರು. ಅವರು ತೊಟ್ಟಿ ನೋಡಲಿಲ್ಲ, ನಾವು ಸಮುದ್ರ ನೋಡಿರಲಿಲ್ಲ. ಹೋಲ್ಡರಿನ ಬಾಯಿಗೆ ಟೇಪು ಸುತ್ತಿ, ಶರಟಿನ ತೋಳು ಅಳೆಯುವಂತೆ ಅಳೆದು, "ನನ್ನ ಕೋಲಿಗೆ ಸರಿಯಾಗತ್ತೆ" ಎಂದು ಸಂತೋಷವಾಗಿ ಒಯ್ದರು.

ಮುಂದಿನ ವರ್ಷ ಬಂದಾಗ ಕೈಯಲ್ಲಿ ಒಂದು ಬಟ್ಟೆಯ ಗಂಟು. ಕೌಂಟರ್ ಮೇಲೆ ಬಿಚ್ಚಿದರು. ಕೊಳವೆ ಹಾಗೇ ಇತ್ತು, ಆದರೆ ಮೈಮೇಲೆ ಸಿಡುಬಿನ ಕಲೆಯಂಥ ಸಣ್ಣ ಕಂದು ಚುಕ್ಕಿಗಳು. ಬುಡದ ಪಟ್ಟಿಯನ್ನು ದೋಣಿಗೆ ಬಿಗಿದಿದ್ದ ಸ್ಕ್ರೂಗಳು ಮಾತ್ರ ಸ್ಕ್ರೂಗಳಾಗಿ ಉಳಿದಿರಲಿಲ್ಲ. ಬೆರಳಿನಿಂದ ಒತ್ತಿದರೆ ಪುಡಿಯಾಗುತ್ತಿದ್ದವು.

ಆದದ್ದಿಷ್ಟು. ಎರಡನೇ ಸಲ ಊರಿಗೆ ಹೋದಾಗ, ದೋಣಿ ದಡದಿಂದ ದೂರವಿತ್ತು. ದೊಡ್ಡ ಮೀನೊಂದು ಎಳೆದ ರಭಸಕ್ಕೆ ಹೋಲ್ಡರು ಅಂಚಿನಿಂದ ಕಿತ್ತುಕೊಂಡಿತು. ಕೋಲು ನೀರಿಗೆ ಹಾರಿತು. ಸೆಲ್ವರಾಜ್ ಇದ್ದ ಒಂದು ಕೈಯನ್ನು ಚಾಚಿ ಅದರ ಹಿಂದೆಯೇ ಬಾಗಿದರು. ತಂಗಿಯ ಗಂಡ ಕಾಲರು ಹಿಡಿದು ಎಳೆದುಕೊಳ್ಳದಿದ್ದರೆ ಅವರೂ ಹೋಗಿರುತ್ತಿದ್ದರು. ಹೋಲ್ಡರು ಮಾತ್ರ ದೋಣಿಯೊಳಗಿನ ಬಲೆಗೆ ಸಿಕ್ಕಿ ಅಲ್ಲೇ ಉಳಿಯಿತು.

ಸಾಹೇಬರಿಗೆ ನಂಬಿಕೆಯೇ ಬರಲಿಲ್ಲ. ಒಳಗೆ ಹೋಗಿ ತೊಟ್ಟಿಯಿಂದ ಒಂದು ಲೋಟ ನೀರು ತಂದು ಕೌಂಟರ್ ಮೇಲೆ ಕುಕ್ಕಿದರು. "ನೋಡಿ! ಇದೇ ಉಪ್ಪು ನೀರು. ಇದ್ರಲ್ಲೇ ಇಟ್ಟಿದ್ದೆ. ಏನೂ ಆಗ್ಲಿಲ್ಲ!"

ಸೆಲ್ವರಾಜ್ ಲೋಟವನ್ನು ನೋಡಿದರು. ನನ್ನನ್ನು ನೋಡಿದರು. ಒಂದು ಗುಟುಕು ಕುಡಿದರು.

"ಸಾಹೇಬ್ರೇ, ಇದು ಬೋರ್‌ವೆಲ್ ನೀರು."

"ಹೌದು, ಉಪ್ಪು ನೀರು!"

"ಸಮುದ್ರದ ಮುಂದೆ ಇದು ಪಾಯಸ, ಸಾಹೇಬ್ರೇ."

ನನಗೆ ತಡೆಯಲಾಗದೆ ನಗು ಬಂತು. ಆ ಹೊತ್ತಿನಲ್ಲಿ ನಗಬಾರದಿತ್ತು, ಆದರೆ ಸೆಲ್ವರಾಜರೂ ನಕ್ಕರು. ಸಾಹೇಬರು ಮಾತ್ರ ಲೋಟದ ನೀರನ್ನು ಬಾಗಿಲಾಚೆ ಚೆಲ್ಲಿ ಬಂದರು. ಆಮೇಲೆ ಮೆತ್ತಗೆ, "ಕೋಲು ಹೊಸದು ಕೊಡ್ತೀನಿ. ನೀವು ಹೋಗಿದ್ರೆ ನಾನು ಯಾರಿಗೆ ಮುಖ ತೋರಿಸ್ಬೇಕಿತ್ತು?" ಎಂದರು. ಆ ಮನುಷ್ಯನ ಮೇಲೆ ನನಗೆ ಅದುವರೆಗೆ ಇದ್ದ ಗೌರವ ಅವತ್ತು ಪ್ರೀತಿಯೇ ಆಯಿತು.

"ಕೋಲು ಹೋಗ್ಲಿ ಬಿಡಿ" ಎಂದರು ಸೆಲ್ವರಾಜ್. "ನನ್ನ ತಂಗಿ ಸರೋಜ ದೋಣಿ ಹತ್ತಬೇಡ ಅಂತ ಕೂತವಳೆ. ಒಂದು ಕೈಲಿ ಹೆಂಗೆ ಈಜ್ತೀಯಾ ಅಂತ ಕೇಳ್ತಾಳೆ. ಅಪ್ಪ ಅಮ್ಮ ಇಲ್ದಾಗ ನಾನೇ ಸಾಕಿದ್ದು ಅವಳನ್ನ. ಮಾತು ಮೀರೋಕೂ ಆಗಲ್ಲ. ಆದ್ರೆ ಅಮ್ಮಾ, ಆ ದೋಣೀಲಿ ಕೂತಾಗ ಮಾತ್ರ ನಂಗೆ ಒಂದು ಕೈ ಇಲ್ಲ ಅನ್ನೋದು ಮರ್ತೋಗತ್ತೆ. ದಡದಲ್ಲಿ ಕೂತ್ರೆ ಎಲ್ರೂ ನನ್ನ ಕೈನೇ ನೋಡ್ತಾರೆ."

ಅಂಗಡಿಯಲ್ಲಿ ನಾವು ಮಾರುವುದು ವಸ್ತು. ಗಿರಾಕಿ ಕೊಳ್ಳಲು ಬರುವುದು ಬೇರೇನೋ. ಇನ್ನೊಂದು ಹೋಲ್ಡರ್ ಮಾಡಲೇಬೇಕು, ಅದು ಈ ಜನ್ಮದಲ್ಲಿ ಕಿತ್ತುಬರಬಾರದು ಎಂದು ಅವತ್ತೇ ನಿಶ್ಚಯಿಸಿದೆ.

ಕೆ.ಆರ್. ಪುರದ ದಾರಿಯಲ್ಲಿ ಔಷಧದ ಕಾರ್ಖಾನೆಗಳಿಗೆ ಪೈಪು ಮಾಡಿಕೊಡುವ ಒಂದು ಶೆಡ್ಡು ಇತ್ತು. ಸಂಜೆ ಮನೆಗೆ ಹೋಗುವಾಗ ಇಳಿದು ವಿಚಾರಿಸಿದೆ. ಅಲ್ಲಿ ತಿಳಿಯಿತು: ಸ್ಟೀಲಿನಲ್ಲಿ ಮುನ್ನೂರ ನಾಲ್ಕು, ಮುನ್ನೂರ ಹದಿನಾರು ಎಂದು ಬೇರೆ ಬೇರೆ ತರಗಳಿವೆ. ಅಡುಗೆಮನೆಗೆ ಮೊದಲನೆಯದು ಸಾಕು. ಸಮುದ್ರದ ಉಪ್ಪಿಗೆ ಎರಡನೆಯದೇ ಆಗಬೇಕು. ಸಾಹೇಬರ ಅಯಸ್ಕಾಂತ ಈ ಎರಡಕ್ಕೂ ಅಂಟುವುದಿಲ್ಲ. ಎರಡೂ ಒಂದೇ ಥರ ಹೊಳೆಯುತ್ತವೆ. ಸಾಹೇಬರಿಗೆ ಇದನ್ನು ಹೇಳಿದಾಗ ಅಯಸ್ಕಾಂತವನ್ನು ಜೇಬಿನಿಂದ ತೆಗೆದು, ಸತ್ತವರನ್ನು ನೋಡುವಂತೆ ನೋಡಿ, ಡ್ರಾಯರಿಗೆ ಹಾಕಿದರು.

ಪರೀಕ್ಷೆಯ ಕ್ರಮವೂ ಬದಲಾಯಿತು. ಬಕೆಟ್ಟಿನಲ್ಲಿ ಅಡುಗೆ ಉಪ್ಪು ಕದಡಿ, ಬಗೆಬಗೆಯ ಕೊಳವೆ, ಬೋಲ್ಟುಗಳನ್ನು ಅದ್ದಿ, ಹಿತ್ತಲ ತಂತಿಗೆ ನೇತುಹಾಕುವುದು. ಒಣಗಿದ ಮೇಲೆ ಮತ್ತೆ ಅದ್ದುವುದು. ಸುಮ್ಮನೆ ಮುಳುಗಿಸಿಟ್ಟರೆ ಆಗುವುದಕ್ಕಿಂತ ಹೆಚ್ಚು ಹಾನಿ ಈ ಒದ್ದೆ ಮಾಡಿ ಒಣಗಿಸುವುದರಲ್ಲಿ ಆಗುತ್ತದೆ. "ನಿಮ್ಮ ಮೀನು ಬುಟ್ಟಿಗೆ ಬರೋ ಮುಂಚೆ ನನ್ನ ಉಪ್ಪೇ ಖಾಲಿ" ಎಂದು ಸಾಹೇಬರ ಮನೆಯವರು ಒಳಗಿನಿಂದ ಕೂಗುತ್ತಿದ್ದರು. ಕೆಲವು ವಾರಗಳಲ್ಲಿ ತಂತಿಯ ಮೇಲೆ ಎಲ್ಲವೂ ಕಾಣತೊಡಗಿತು. ಬರಿಯ ಹೊಳಪು ಕೊಟ್ಟ ಬೋಲ್ಟುಗಳಿಂದ ಕಂದು ನೀರು ಇಳಿಯಿತು. ಅಲ್ಯುಮಿನಿಯಂಗೆ ಸ್ಟೀಲ್ ಬೋಲ್ಟು ಹಾಕಿದ್ದರಲ್ಲಿ, ಎರಡೂ ಕೂಡುವ ಜಾಗದಲ್ಲಿ ಬಿಳಿ ಬೂಷ್ಟು ಎದ್ದಿತು. ಅಗ್ಗದ ಬಿಳಿ ಪ್ಲಾಸ್ಟಿಕ್ಕಿಗೆ ಉಪ್ಪು ಏನೂ ಮಾಡಲಿಲ್ಲ. ಆದರೆ ಬೇಸಿಗೆ ಮುಗಿಯುವಷ್ಟರಲ್ಲಿ ಬಿಸಿಲಿಗೆ ಹಪ್ಪಳದಂತೆ ಮುರಿಯಿತು.

ಶಾಹೀನ್, ನೀನು ಕೇಳಿದ್ದು ಇದನ್ನೇ, ಗಮನವಿಟ್ಟು ಓದು. ಕೊಳವೆ ಎಷ್ಟು ಒಳ್ಳೆಯದಾದರೂ ಬೋಲ್ಟು, ನಟ್ಟು, ಅಡ್ಡಪಿನ್ನು ಎಲ್ಲವೂ ಅದೇ ತರದ ಸ್ಟೀಲಾಗಿರಬೇಕು. ಮುರಿಯುವುದು ಯಾವಾಗಲೂ ಸಣ್ಣದೇ. ಸ್ಕ್ರೂ ತಿರುಗಿಸಿ ಬಿಟ್ಟರೆ ಸಾಲದು, ದೋಣಿಯ ಅಂಚಿನ ಈ ಕಡೆಯಿಂದ ಆ ಕಡೆಗೆ ಬೋಲ್ಟು ಹಾಯಿಸಿ ಹಿಂದೆ ಒಂದು ಪಟ್ಟಿ ಕೊಟ್ಟು ಬಿಗಿಯಬೇಕು. ಕೊಳವೆಯ ಬುಡದಲ್ಲಿ ತೂತು ಇದೆಯೇ ನೋಡು, ಇಲ್ಲದಿದ್ದರೆ ಉಪ್ಪು ನೀರು ಅಲ್ಲೇ ನಿಂತು ಒಳಗಿನಿಂದ ತಿನ್ನುತ್ತದೆ. ಹತ್ತು ಕಡೆ ತಿರುಗುವ, ಮಡಚುವ ಚಂದದ ಮಾದರಿಗಳು ಬರುತ್ತವೆ. ಸಮುದ್ರಕ್ಕೆ ಬೇಡ, ಕೀಲುಗಳೆಲ್ಲ ಉಪ್ಪಿಗೆ ಬಿಗಿದುಕೊಳ್ಳುತ್ತವೆ. ಕೋಲಿಗೆ ಗೀರಾಗದಂತೆ ಕೊಳವೆಯೊಳಗೆ ತೊಡಿಸಿರುವ ರಬ್ಬರು ತೆಗೆದು ತೊಳೆಯುವಂತಿರಬೇಕು. ವೆಲ್ಡಿಂಗ್ ಮಾಡಿದ ಜಾಗದಲ್ಲಿ ಕಪ್ಪು ಉಳಿದಿದ್ದರೆ ತಗೋಬೇಡ, ತುಕ್ಕು ಶುರುವಾಗುವುದೇ ಅಲ್ಲಿ. ಮತ್ತು ಎಷ್ಟೇ ನಂಬಿಕೆ ಇದ್ದರೂ ಕೋಲಿಗೂ ದೋಣಿಗೂ ಒಂದು ಹಗ್ಗ ಕಟ್ಟಿಕೊಳ್ಳಲು ಹೇಳು.

ಹೀಗೆಲ್ಲ ನೋಡಿ ಮಾಡಿಸಿದ ಹೋಲ್ಡರನ್ನು ಕೌಂಟರಿನ ಮರದ ಅಂಚಿಗೆ ಬಿಗಿದೆವು. ಸಾಹೇಬರು ಎಳೆದರು. ಅಲುಗಲಿಲ್ಲ. ವೆಲ್ಡಿಂಗಿನವರು ಎಳೆದರು. "ಸರೀರಿ ಅತ್ಲಾಗೆ" ಎಂದು ನಾನು ಸೆರಗು ಸಿಕ್ಕಿಸಿ, ಅದರಲ್ಲಿ ನಿಲ್ಲಿಸಿದ್ದ ದಪ್ಪ ಬಿದಿರಿಗೆ ಎರಡೂ ಕೈ ಹಾಕಿ ಜೋತುಬಿದ್ದೆ. ನಾನೇನು ಹೂವಿನ ಹಾಗೆ ಹಗುರವಲ್ಲ. ಕೌಂಟರು ಕಿರುಗುಟ್ಟಿತು, ಗಾಜಿನ ಬಾಟಲಿಗಳು ಕಿಣಿಕಿಣಿ ಅಂದವು, ಹೋಲ್ಡರು ಹಾಗೇ ನಿಂತಿತ್ತು. "ಮಾಷಾ ಅಲ್ಲಾ" ಎಂದರು ಸಾಹೇಬರು. ನನ್ನನ್ನು ನೋಡಿ ಅಂದರೋ, ಹೋಲ್ಡರನ್ನು ನೋಡಿಯೋ ತಿಳಿಯದು.

ಸೆಲ್ವರಾಜ್ ಅದನ್ನು ಊರಿಗೆ ಒಯ್ದು ಬಂದರು. ಮುಖ ಅರ್ಧ ನಗು, ಅರ್ಧ ಸಪ್ಪೆ.

"ಹಿಡೀತಾ?"

"ಬಂಡೆ ಹಂಗೆ ಹಿಡೀತಮ್ಮಾ. ತಂಗಿ ಗಂಡ ಸರೋಜಂಗೆ ಹೇಳ್ದೆ ದೋಣೀಲಿ ಕರ್ಕೊಂಡೋದ."

"ಮತ್ತೆ?"

"ನೀವೇ ಹೇಳಿದ್ರಲ್ಲ, ದಿನಾ ಸಂಜೆ ಸಿಹಿ ನೀರಲ್ಲಿ ತೊಳೀಬೇಕು ಅಂತ. ಒಂದು ಚೊಂಬು ನೀರು ಕೊಡು ಸರೋಜಾ ಅಂದೆ. ಕೊಡಲ್ಲ ಅಂದ್ಲು."

ಹೌದು, ನಾನೇ ಹೇಳಿದ್ದೆ. ಯಾವ ಸ್ಟೀಲೂ ಸಮುದ್ರಕ್ಕೆ ಎಂದಾದರೂ ಸೋಲದೆ ಇರುವುದಿಲ್ಲ; ದಿನವೂ ಸಿಹಿ ನೀರಿನಲ್ಲಿ ತೊಳೆದರೆ ಮಾತ್ರ ಬಾಳುತ್ತದೆ. ಬೆಂಗಳೂರಿನಲ್ಲಿ ಕೂತು ಹೇಳುವುದು ಸುಲಭ. ಅವರ ತಂಗಿಯ ಊರಿನಲ್ಲಿ ಬಾವಿಗಳೆಲ್ಲ ಉಪ್ಪು. ಕುಡಿಯುವ ನೀರನ್ನು ಹೆಂಗಸರು ದೂರದಿಂದ ಕೊಡದಲ್ಲಿ ಹೊತ್ತು ತರಬೇಕು. "ಅನ್ನ ಬೇಯಿಸೋಕೆ ಅಳೆದು ಹಾಕ್ತೀನಿ, ನಿನ್ನ ಕಬ್ಬಿಣಕ್ಕೆ ಸ್ನಾನ ಮಾಡಿಸ್ಲಾ?" ಎಂದಳಂತೆ ಸರೋಜ. ಅಷ್ಟೇ ಅಲ್ಲ, ಅಣ್ಣ ಹಿಡಿದು ತಂದ ಮೀನನ್ನು ಮುಟ್ಟಲೂ ಇಲ್ಲ. ಪಕ್ಕದ ಮನೆಗೆ ಕೊಟ್ಟು ಬಂದು, ಅವತ್ತು ಬರಿ ಸಾರು ಮಾಡಿ ಬಡಿಸಿದಳಂತೆ.

ಅದು ನೀರಿನ ಜಿಪುಣತನವಲ್ಲ ಎಂದು ಕೂಡಲೇ ಗೊತ್ತಾಯಿತು ನನಗೆ. ಆ ಸ್ಟೀಲು ತುಕ್ಕು ಹಿಡಿದು ಹಾಳಾಗಲಿ, ಅಣ್ಣ ದಡದಲ್ಲಿ ಉಳಿಯಲಿ ಎಂಬುದು ಅವಳ ಲೆಕ್ಕಾಚಾರ. ಒಂದು ಚೊಂಬು ನೀರು ಕೊಟ್ಟರೆ ಹೋಗು ಎಂದು ಒಪ್ಪಿಗೆ ಕೊಟ್ಟ ಹಾಗೆ.

ಆಮೇಲಿನ ಸಲದಿಂದ ಸೆಲ್ವರಾಜ್ ತಾವೇ ನೀರು ಒಯ್ಯತೊಡಗಿದರು. ಹಲಸೂರಿನ ಮನೆಯ ನಲ್ಲಿಯಿಂದ ಒಂದು ಪ್ಲಾಸ್ಟಿಕ್ ಕ್ಯಾನಿನ ತುಂಬ ಕಾವೇರಿ. ಕಂಟೋನ್ಮೆಂಟ್ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ನಮ್ಮ ಅಂಗಡಿಗೆ ಬಂದು, ಕ್ಯಾನನ್ನು ಕೌಂಟರ್ ಮೇಲಿಟ್ಟು, ಒಂದು ಲೋಟ ಚಾ ಕುಡಿಯುತ್ತಿದ್ದರು. ಆ ವರ್ಷಗಳಲ್ಲಿ ಕಾವೇರಿ ಎಂದರೆ ಊರಿನಲ್ಲಿ ಜನ ದನಿ ಏರಿಸುತ್ತಿದ್ದರು. ನಮ್ಮ ಕೌಂಟರ್ ಮೇಲೆ ಅದು ತಣ್ಣಗೆ ಕೂತಿರುತ್ತಿತ್ತು. ಮಧ್ಯಾಹ್ನದ ಬಿಸಿಲು ಕ್ಯಾನಿನ ಮೂಲಕ ಹಾದು ಎದುರಿನ ಗೋಡೆಯ ಮೇಲೆ ನಡುಗುವ ಬೆಳಕು ಚೆಲ್ಲುತ್ತಿತ್ತು. ಗಾಳದ ಕೋಲುಗಳ ನೆರಳು ಅದರಲ್ಲಿ ಅಲ್ಲಾಡುತ್ತಿತ್ತು. ನಾನು ಗಲ್ಲಕ್ಕೆ ಕೈಕೊಟ್ಟು ನೋಡುತ್ತಿದ್ದೆ. ಎಲ್ಲೋ ಹುಟ್ಟಿ, ಅರ್ಧ ದಾರಿಯಲ್ಲಿ ನಾವು ಎತ್ತಿ ತಂದ ನೀರು. ಅದು ತಾನು ಸೇರಬೇಕಾಗಿದ್ದ ಸಮುದ್ರಕ್ಕೆ ಕೊನೆಗೂ ರೈಲಿನಲ್ಲಿ, ಒಬ್ಬ ದರ್ಜಿಯ ಬಲಗೈಯಲ್ಲಿ ಹೊರಟಿದೆ. ಅವರು ಹೋದ ಮೇಲೂ ಆ ಬೆಳಕು ಗೋಡೆಯ ಮೇಲೆ ಇದ್ದಂತೆಯೇ ನನಗೆ ಕಾಣುತ್ತಿತ್ತು.

ಹೀಗೇ ವರ್ಷಗಳು ಕಳೆದವು. ಎರಡು ಸಾವಿರದ ಇಸವಿ ದಾಟಿತು. ಹೋಲ್ಡರು ಹಾಗೇ ಇತ್ತು. ಸರೋಜಳ ಸಿಟ್ಟೂ ಹಾಗೇ ಇತ್ತು. ಬೇರೆ ದಿನಗಳಲ್ಲಿ ಅಣ್ಣ ಅಂದರೆ ಪ್ರಾಣ. ಅವರು ದೋಣಿ ಹತ್ತಿದ ದಿನ ಮಾತ್ರ ಮಾತಿಲ್ಲ, ಮೀನು ಮುಟ್ಟುವುದಿಲ್ಲ, ನೀರು ಕೊಡುವುದಿಲ್ಲ.

ನಾನು ಕೆಲಸ ಬಿಟ್ಟ ಮೇಲೆ ಒಂದು ದಿನ ಸೆಲ್ವರಾಜ್ ಮನೆಗೆ ಬಂದರು. "ಅಮ್ಮಾ, ಇಷ್ಟು ವರ್ಷ ಸಮುದ್ರದ ಸಾಮಾನು ಮಾರಿದ್ರಿ. ಒಂದು ಸಲ ನೋಡ್ಬಿಡಿ. ಯಜಮಾನ್ರನ್ನೂ ಕರ್ಕೊಂಡು ಬನ್ನಿ" ಎಂದರು. ಹೊರಟೆವು. ಕ್ಯಾನು ನನ್ನ ಕೈಯಲ್ಲಿತ್ತು.

ಸಮುದ್ರ ನೋಡಿದಾಗ ನನಗೇನನ್ನಿಸಿತು ಎಂದು ಬಹಳ ಜನ ಕೇಳುತ್ತಾರೆ. ನಿಜ ಹೇಳಬೇಕೆಂದರೆ, ಗುರುತಿನವರನ್ನು ಕಂಡ ಹಾಗಾಯಿತು. ಮಧ್ಯಾಹ್ನದ ಅಂಗಡಿಯಲ್ಲಿ ಅರೆಗಣ್ಣಿನಲ್ಲಿ ಕೇಳುತ್ತಿದ್ದ ಸದ್ದೇ ಅದು. ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡೆ. ಸಾಹೇಬರ ತೊಟ್ಟಿ ನೆನಪಾಗಿ, ಅಷ್ಟು ದೂರದಲ್ಲಿ ಒಬ್ಬಳೇ ನಿಂತು ನಕ್ಕೆ.

ಬೆಳಗ್ಗೆ ದೋಣಿ ಹೊರಟಿತು. ಸೆಲ್ವರಾಜ್, ಅವರ ಮೈದುನ, ನಮ್ಮ ಯಜಮಾನರು. ಅಲ್ಲಿ ಹೆಂಗಸರು ದೋಣಿ ಹತ್ತುವುದಿಲ್ಲವಂತೆ. ನಾನು ಮರಳಿನ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಸರೋಜ ಬಂದು ಪಕ್ಕದಲ್ಲಿ ಕೂತಳು. ಅವಳಾಡಿದ್ದು ತಮಿಳು, ಶಿವಾಜಿನಗರದಲ್ಲಿ ಅಷ್ಟು ವರ್ಷ ಇದ್ದವಳಿಗೆ ಅದೇನು ಹೊಸದಲ್ಲ. ಇಬ್ಬರೂ ದೋಣಿಯನ್ನೇ ನೋಡುತ್ತಿದ್ದೆವು. ದೋಣಿ ಒಂದು ಎಳ್ಳಿನ ಕಾಳಿನಷ್ಟಾಗಿ, ಬಿಸಿಲಿನಲ್ಲಿ ಕಂಡೂ ಕಾಣದಂತಾಯಿತು.

"ಅದನ್ನ ಮಾಡ್ಸಿದ್ದು ನೀವೇನಾ?" ಎಂದಳು.

"ಹೌದಮ್ಮಾ."

"ಗಟ್ಟಿ ಇದೆಯಾ? ನಿಜ ಹೇಳಿ. ಅವತ್ತು ನಮ್ಮ ಮನೆಯವರು ಕಾಲರ್ ಹಿಡೀದೆ ಇದ್ದಿದ್ರೆ..." ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು.

ಸ್ಟೀಲಿನ ತರ, ಬೋಲ್ಟು, ಪಟ್ಟಿ ಎಲ್ಲವೂ ನಾಲಿಗೆಯ ತುದಿಗೆ ಬಂದವು. ಅವನ್ನೆಲ್ಲ ನುಂಗಿಕೊಂಡೆ.

"ನಾನೇ ಅದಕ್ಕೆ ಜೋತುಬಿದ್ದು ನೋಡಿದೀನಿ" ಎಂದೆ.

ಅವಳು ತಿರುಗಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ನನ್ನ ಅಗಲವನ್ನೂ ನೋಡಿದಳು. ಮತ್ತೊಮ್ಮೆ ನೋಡಿದಳು. ಆಮೇಲೆ ಬಾಯಿಗೆ ಸೆರಗು ಒತ್ತಿಕೊಂಡು ನಗತೊಡಗಿದಳು. ನಗುನಗುತ್ತಲೇ ಕಣ್ಣು ಒರೆಸಿಕೊಂಡಳು. ಎದ್ದು ಮರಳು ಕೊಡವಿಕೊಂಡು, "ಬನ್ನಿ, ಕಾಫಿ ಮಾಡ್ತೀನಿ" ಎಂದು ಮನೆಯ ಕಡೆ ನಡೆದಳು. ಅಂಥ ಕಾಫಿ ನಾನು ಕುಡಿದದ್ದು ಕಡಿಮೆ.

ದೋಣಿ ಬಂದಾಗ ಸಂಜೆಯ ಬೆಳಕು. ಬುಟ್ಟಿಯಲ್ಲಿ ದೊಡ್ಡ ಮೀನು. ನಮ್ಮ ಯಜಮಾನರು, "ಕೋಲು ಬಿಲ್ಲಿನ ಹಂಗೆ ಬಾಗಿತ್ತು ಕಣೆ! ಇವ್ರು ಎದ್ದೇಳಲೇ ಇಲ್ಲ. ಕೂತ್ಕೊಂಡೇ ಸುತ್ತಿದ್ರು!" ಎಂದು ದೂರದಿಂದಲೇ ಕೂಗಿದರು. ಸೆಲ್ವರಾಜ್ ಹೋಲ್ಡರನ್ನು ಬಿಚ್ಚಿಸಿ ಅಂಗಳಕ್ಕೆ ತಂದರು. ಉಪ್ಪು ಒಣಗಿ ಅವರ ತೋಳೆಲ್ಲ ಬೆಳ್ಳಗಾಗಿತ್ತು. ಕ್ಯಾನಿಗೆ ಕೈಹಾಕಿದರು. ಎತ್ತಿದರೆ ಹಗುರ. ಖಾಲಿ.

"ನೀರೆಲ್ಲಿ?"

"ಕಾಫಿಗೆ ಹಾಕ್ದೆ" ಎಂದಳು ಸರೋಜ ಬಾಗಿಲಿನಿಂದ. "ನಿಮ್ಮೂರ ನೀರಿಗೆ ಕಾಫಿ ಚೆನ್ನಾಗಾಗತ್ತೆ."

ಸೆಲ್ವರಾಜರ ಮುಖ ನೋಡಲಾಗಲಿಲ್ಲ. ನಾನು ಏನೋ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಒಳಗೆ ಹೋಗಿ, ತಾನು ಹೊತ್ತು ತಂದ ಕೊಡದಿಂದ ಚೊಂಬಿನ ತುಂಬ ನೀರು ಮೊಗೆದು ತಂದಳು. ಅಂಗಳದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಹೋಲ್ಡರಿನ ಮೇಲೆ ನಿಧಾನವಾಗಿ ಸುರಿದಳು. ರಬ್ಬರು ತೆಗೆದು ತೊಳೆದಳು, ಬುಡದ ತೂತಿಗೆ ಬೆರಳಿಟ್ಟು ಉಜ್ಜಿದಳು. ಇಷ್ಟು ವರ್ಷ ಮಾತಾಡದೆ ನಿಂತು, ಅಣ್ಣ ತೊಳೆಯುವುದನ್ನು ಎಷ್ಟು ಸರಿಯಾಗಿ ನೋಡಿಕೊಂಡಿದ್ದಳು.

ಚೊಂಬಿನಲ್ಲಿ ಇನ್ನೂ ನೀರು ಉಳಿದಿತ್ತು. ಅವಳು ಅಣ್ಣನ ಎಡಗೈಯನ್ನು ಜೇಬಿನಿಂದ ಮೆಲ್ಲಗೆ ತೆಗೆದು ತನ್ನ ಮಡಿಲ ಮೇಲಿಟ್ಟುಕೊಂಡಳು. ಮಡಚಿಕೊಂಡಿದ್ದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಸಂದಿನ ಉಪ್ಪನ್ನೆಲ್ಲ ಆ ಸಿಹಿ ನೀರಿನಲ್ಲಿ ತೊಳೆದಳು.

"ಇನ್ಮೇಲೆ ಅಷ್ಟು ದೂರದಿಂದ ನೀರು ಹೊತ್ಕೊಂಡು ಬರಬೇಡ ಅಣ್ಣಾ" ಎಂದಳು.